ಪರದೆಯೋ ತೆರೆಯೋ? ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅಡ್ಡ ಇಳಿಬಿಟ್ಟ ಬಟ್ಟೆಗೆ ಒಂದೇ ಹೆಸರು ಅಂತ ಇಲ್ಲ. ಕಿಟಕಿಯಲ್ಲಿದ್ದರೆ ಪರದೆ ಅಥವಾ ಸ್ಕ್ರೀನು, ಗರ್ಭಗುಡಿಯ ಮುಂದಿದ್ದರೆ ತೆರೆ, ಮದುವೆ ಮಂಟಪದಲ್ಲಿ ಅಂತರಪಟ, ಅಂಗಡಿಯ ಬಿಲ್ಲಿನಲ್ಲಿ ಕರ್ಟನ್. ಇವುಗಳ ಹುಟ್ಟು, ಅರ್ಥ, ಬಳಕೆಯ ಬಗ್ಗೆ ಮಕ್ಕಳೂ ಮೇಷ್ಟ್ರುಗಳೂ ನಾಟಕದ ಹುಚ್ಚಿನವರೂ ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

‘ಪರದೆ’ ಕನ್ನಡದ ಪದವೇ?

ಹುಟ್ಟಿನಿಂದ ಅಲ್ಲ, ಬಳಕೆಯಿಂದ ಹೌದು. ಮೂಲ ಪಾರಸಿಯ ‘ಪರ್ದಾ’. ಅಲ್ಲಿಯೂ ಅದರ ಮೊದಲ ಅರ್ಥ ಅಡ್ಡ ಇಳಿಬಿಟ್ಟ ಬಟ್ಟೆ, ಮುಸುಕು ಅಂತಲೇ. ಸಿತಾರ್ ವಾದ್ಯದ ಕೊರಳಿನ ಮೇಲೆ ಸಾಲಾಗಿ ಕಟ್ಟಿರುವ ಲೋಹದ ಕಂಬಿಗಳನ್ನೂ ಹಿಂದೂಸ್ತಾನಿ ಸಂಗೀತದವರು ಪರ್ದಾ ಅಂತಲೇ ಕರೆಯುತ್ತಾರೆ. ಅದೂ ಇದೇ ಪದ.

ಕನ್ನಡಕ್ಕೆ ಬಂದಾಗ ಅದಕ್ಕೆ ಎರಡು ಮಾರ್ಪಾಟು ಆದವು. ‘ರ್ದ’ ಎಂಬ ಒತ್ತಕ್ಷರ ನಮ್ಮ ನಾಲಿಗೆಯಲ್ಲಿ ಬಿಡಿಸಿಕೊಂಡು ‘ರದ’ ಆಯಿತು. ‘ಶರ್ತ್’ ಅನ್ನುವುದು ‘ಷರತ್ತು’ ಆದದ್ದೂ ಹೀಗೆಯೇ. ಕೊನೆಯ ‘ಆ’ ಹೋಗಿ ‘ಎ’ ಬಂತು. ಖಜಾನಾ ಖಜಾನೆಯಾಯಿತು, ಕಾರ್ಖಾನಾ ಕಾರ್ಖಾನೆಯಾಯಿತು, ನಮೂನಾ ನಮೂನೆಯಾಯಿತು, ತರ್ಜುಮಾ ತರ್ಜುಮೆಯಾಯಿತು. ಇದು ಪಾರಸಿ ಪದಗಳಿಗೆಂದೇ ಮಾಡಿಕೊಂಡ ನಿಯಮವಲ್ಲ. ಸಂಸ್ಕೃತದ ಮಾಲಾ, ಭಾಷಾ, ಶಾಲಾ ನಮ್ಮಲ್ಲಿ ಮಾಲೆ, ಭಾಷೆ, ಶಾಲೆ ಆಗಿ ಎಷ್ಟೋ ಶತಮಾನ ಕಳೆದಿತ್ತು. ಆಮೇಲೆ ಬಂದ ಪರ್ದಾವೂ ಅದೇ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂತು, ಅಷ್ಟೇ. ಹೀಗೆ ರೂಪ ಬದಲಿಸಿಕೊಂಡು, ನಮ್ಮ ವಿಭಕ್ತಿಗಳನ್ನೆಲ್ಲ ಹಚ್ಚಿಕೊಂಡು ಓಡಾಡುವ ಪದವನ್ನು ಪರಕೀಯ ಅಂತ ದೂರ ಇಡಲು ನನಗಂತೂ ಮನಸ್ಸು ಬರುವುದಿಲ್ಲ.

ನಮ್ಮ ಸೀಮೆಗೆ ಅದು ಬಂದದ್ದು ಯಾವ ದಾರಿಯಿಂದ?

ಪಾರಸಿ ಪದಗಳು ದಕ್ಷಿಣಕ್ಕೆ ಬಂದದ್ದು ಮುಖ್ಯವಾಗಿ ಕಚೇರಿ, ದಂಡು, ಅರಮನೆಗಳ ಮೂಲಕ. ಬಹಮನಿ ರಾಜ್ಯ ಶುರುವಾದದ್ದು 1347ರಲ್ಲಿ, ಆಮೇಲೆ ಬಿಜಾಪುರದ ಆದಿಲಶಾಹಿ. ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ 17ನೆಯ ಶತಮಾನದಲ್ಲಿ ಈ ಕಡೆ ದಂಡೆತ್ತಿ ಬಂದ ಮೇಲೆ ಶಿರಾ ಆ ಆಡಳಿತದ ದೊಡ್ಡ ಠಾಣ್ಯವಾಯಿತು, ಬೆಂಗಳೂರು ಕೋಲಾರಗಳು ಶಿವಾಜಿಯ ತಂದೆ ಶಹಾಜಿಯ ಜಹಗೀರಿಗೆ ಸೇರಿದವು. 1686ರಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದುಕೊಂಡ ಮೇಲೆ ಶಿರಾ ಮೊಗಲರ ಸುಬಾದ, ಅಂದರೆ ಪ್ರಾಂತದ ಕೇಂದ್ರ. ಇವತ್ತು ಶಿರಾಕ್ಕೆ ಹೋದರೆ ಮಲಿಕ್ ರಿಹಾನ್ ದರ್ಗಾ ನೋಡಬಹುದು. ಬಿಜಾಪುರದವರ ಕಾಲದ ಗುರುತು ಅದು. ಹೈದರಾಲಿ ಹುಟ್ಟಿದ್ದು ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ. ಟಿಪ್ಪುವಿನ ಕಾಲದಲ್ಲಿ ಪಾರಸಿ ಆಡಳಿತದ ಭಾಷೆಯೇ ಆಗಿತ್ತು.

ಪರದೆಯೊಂದೇ ಬರಲಿಲ್ಲ. ಅದರ ಜೊತೆ ಬಟ್ಟೆಯ ಸಂಸಾರವೇ ಬಂತು: ಚಾದರ, ರುಮಾಲು, ಶಾಲು, ಜಮಖಾನೆ, ಪೈಜಾಮ, ಹೊಲಿಯುವ ದರ್ಜಿ ಕೂಡ.

ಹಳಗನ್ನಡದ ‘ಪ’ ಎಲ್ಲ ‘ಹ’ ಆಯಿತಲ್ಲ, ಪರದೆ ಯಾಕೆ ‘ಹರದೆ’ ಆಗಲಿಲ್ಲ?

ಪಾಲು ಹಾಲಾಗಿ, ಪೂ ಹೂವಾಗಿ, ಪಳ್ಳಿ ಹಳ್ಳಿಯಾಗುವ ಹೊತ್ತಿಗೆ ಪರದೆ ಇನ್ನೂ ನಮ್ಮ ಊರಿಗೆ ಬಂದಿರಲಿಲ್ಲ. ಆ ಬದಲಾವಣೆ ಮುಗಿದ ಮೇಲೆ ಬಂದದ್ದರಿಂದ ಪಕಾರ ಹಾಗೇ ಉಳಿಯಿತು. ಆದರೆ ಇದೊಂದನ್ನೇ ಸಾಕ್ಷಿ ಮಾಡಿಕೊಳ್ಳಬೇಡಿ. ಪುಸ್ತಕ, ಪಟ, ಪದ ಇಂಥ ಸಂಸ್ಕೃತ ಪದಗಳು ಮೊದಲಿನಿಂದ ಇದ್ದೂ ಪಕಾರ ಬಿಟ್ಟುಕೊಡಲಿಲ್ಲ.

ತಮಾಷೆ ಎಂದರೆ ಹಳಗನ್ನಡದಲ್ಲಿ ‘ಪರದ’ ಅಂತ ಬೇರೆಯೇ ಒಂದು ಪದ ಇತ್ತು, ವ್ಯಾಪಾರಿ ಅಂತ ಅರ್ಥ. ಅದು ಮುಂದೆ ‘ಹರದ’ ಆಯಿತು. ಬಟ್ಟೆಗೂ ಅದಕ್ಕೂ ನಂಟಿಲ್ಲ.

ಪರದೆ ಬರುವ ಮುಂಚೆ ಏನನ್ನುತ್ತಿದ್ದರು?

ತೆರೆ. ತೆರೆಸೀರೆ ಅಂತಲೂ ಅನ್ನುತ್ತಿದ್ದರು. ಇಲ್ಲಿ ಸೀರೆ ಅಂದರೆ ಹೆಂಗಸರು ಉಡುವ ಸೀರೆಯೇ ಆಗಬೇಕಿಲ್ಲ. ಹಿಂದೆ ಸೀರೆ ಅಂದರೆ ಬಟ್ಟೆ, ಯಾರು ಉಟ್ಟರೂ ಸೀರೆಯೇ.

ತೆರೆ ಅಚ್ಚ ದ್ರಾವಿಡ ಪದ. ತಮಿಳಿನಲ್ಲಿ ತಿರೈ, ಮಲಯಾಳದಲ್ಲಿ ತಿರ, ತೆಲುಗಿನಲ್ಲಿ ತೆರ. ಬಾಗೇಪಲ್ಲಿ, ಗುಡಿಬಂಡೆ, ಶ್ರೀನಿವಾಸಪುರ, ಮುಳಬಾಗಿಲಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಮಾತಾಡುವವರು ಅವರು. ಎರಡು ಭಾಷೆಯ ಪದಕ್ಕೂ ಕೊನೆಯ ಸ್ವರ ಮಾತ್ರ ಬೇರೆ.

ಸಮುದ್ರದ ತೆರೆ, ಬಾಗಿಲು ತೆರೆ, ನಾಟಕದ ತೆರೆ: ಮೂರೂ ಒಂದೇ ಪದವೇ?

ಬಹಳ ಜನ ಎಡವುವ ಜಾಗ ಇದು. ಈಗ ಬರೆಯುವಾಗ ಮೂರೂ ಒಂದೇ ಥರ ಕಾಣುತ್ತವೆ. ಹಳಗನ್ನಡದಲ್ಲಿ ಹಾಗಿರಲಿಲ್ಲ. ಬಟ್ಟೆಯ ತೆರೆ, ಅಲೆ ಎಂಬರ್ಥದ ತೆರೆ ಇವೆರಡರಲ್ಲಿ ಸಾಮಾನ್ಯ ರಕಾರ. ಬಾಗಿಲು ತೆಗೆಯುವ ‘ತೆಱೆ’ಯಲ್ಲಿ ಶಕಟರೇಫ, ಅಂದರೆ ‘ಱ’. ಅದರ ಉಚ್ಚಾರಣೆ ಬೇರೆ, ಬರೆಯುವ ಅಕ್ಷರವೂ ಬೇರೆ. ಕನ್ನಡದಲ್ಲಿ ಱ ಬಿಟ್ಟುಹೋದ ಮೇಲೆ ಇವೆಲ್ಲ ಒಂದೇ ಮುಖ ಹೊತ್ತುಕೊಂಡವು.

ಅನುಮಾನ ಇದ್ದವರು ಪಕ್ಕದ ಮನೆಯವರನ್ನು ಕೇಳಿ. ತಮಿಳಿನಲ್ಲಿ ಬಟ್ಟೆಗೆ ‘ತಿರೈ’, ತೆಗೆಯುವುದಕ್ಕೆ ‘ತಿಱ’. ಎರಡಕ್ಕೂ ಇವತ್ತಿಗೂ ಬೇರೆ ಬೇರೆ ಅಕ್ಷರ. ತೆಲುಗಿನ ಹಳೆಯ ಬರಹದಲ್ಲಿಯೂ ‘ತೆರ’ ಬೇರೆ, ‘ತೆಱಚು’ ಬೇರೆ. ಹಾಗಾಗಿ ‘ತೆರೆಯುವಂಥದ್ದು, ಅದಕ್ಕೇ ತೆರೆ’ ಅಂತ ಯಾರಾದರೂ ವಿವರಣೆ ಕೊಟ್ಟರೆ ಒಪ್ಪಬೇಡಿ. ಕೇಳಲು ಚೆನ್ನಾಗಿದೆ, ನಿಜವಲ್ಲ. ಅಲೆಗೂ ಬಟ್ಟೆಗೂ ಮಾತ್ರ ರೂಪದಲ್ಲಿ ಭೇದವಿಲ್ಲ. ತಮಿಳಿನ ತಿರೈಗೂ ಅಲೆ, ಸುಕ್ಕು, ಪರದೆ ಅಂತ ಮೂರೂ ಅರ್ಥ ಉಂಟು; ನೆರಿಗೆ ಬಿದ್ದ ಬಟ್ಟೆಯನ್ನು ನೋಡಿದವರಿಗೆ ಅದೇನೂ ದೂರದ ಮಾತಲ್ಲ.

ಹಾಗಾದರೆ ಎಲ್ಲಿ ತೆರೆ, ಎಲ್ಲಿ ಪರದೆ?

ವ್ಯಾಕರಣದ ನಿಯಮ ಇಲ್ಲ. ಆದರೆ ಜನರ ಮಾತು ಕೇಳುತ್ತಾ ಹೋದರೆ ಒಂದು ಹಂಚಿಕೆ ಎದ್ದು ಕಾಣುತ್ತದೆ. ತೂಗು ಹಾಕಿ ಬಿಟ್ಟದ್ದು ಪರದೆ. ಒಂದು ಗಳಿಗೆಗಾಗಿ ಅಡ್ಡ ಬಂದು, ಸರಿದಾಗ ಏನನ್ನೋ ತೋರಿಸುವಂಥದ್ದು ತೆರೆ.

ದೇವಸ್ಥಾನವನ್ನೇ ನೋಡಿ. ಕೋಲಾರಮ್ಮನ ಗುಡಿಯಾಗಲಿ, ನಂದಿಯ ಭೋಗನಂದೀಶ್ವರನ ಸನ್ನಿಧಿಯಾಗಲಿ, ದೇವರಾಯನದುರ್ಗವಾಗಲಿ, ನೈವೇದ್ಯದ ಹೊತ್ತಿಗೆ ಹೋದವರಿಗೆ ಸಿಗುವ ಉತ್ತರ ‘ತೆರೆ ಹಾಕಿದ್ದಾರೆ, ಸ್ವಲ್ಪ ನಿಂತ್ಕೊಳ್ಳಿ’. ಸರದಿಯಲ್ಲಿ ನಿಂತವರು ಕುತ್ತಿಗೆ ಉದ್ದ ಮಾಡಿ, ಬಟ್ಟೆಯ ಅಂಚಿನಲ್ಲಿ ಕಾಣುವ ದೀಪದ ಬೆಳಕನ್ನೇ ನೋಡುತ್ತಿರುತ್ತಾರೆ. ಒಳಗೆ ಗಂಟೆ ಶುರುವಾಗುತ್ತದೆ, ಅರ್ಚಕರು ತೆರೆಯನ್ನು ಒಂದೇ ಸಲಕ್ಕೆ ಪಕ್ಕಕ್ಕೆ ಎಳೆಯುತ್ತಾರೆ, ಮಂಗಳಾರತಿ. ಅದೇ ಅರ್ಚಕರ ಮನೆಯ ಕಿಟಕಿಗೆ ಹಾಕಿರುವ ಬಟ್ಟೆಯನ್ನು ಅವರೇ ತೆರೆ ಅನ್ನುವುದಿಲ್ಲ. ಅದು ಪರದೆ. ‘ಪರದೆ ಒಗೆಯೋಕೆ ಹಾಕು’ ಅಂದರೆ ಸರಿ. ‘ತೆರೆ ಒಗೆಯೋಕೆ ಹಾಕು’ ಅಂದರೆ ಮನೆಯವರು ನಗುತ್ತಾರೆ.

ಇದಕ್ಕೆ ಅಪವಾದಗಳು ಇವೆ. ಗುಡಿಯಲ್ಲೂ ಪರದೆ ಅನ್ನುವವರುಂಟು, ಹೊಸ ತಲೆಮಾರಿನಲ್ಲಿ ಹೆಚ್ಚು.

ಮದುವೆಯಲ್ಲಿ ಗಂಡು ಹೆಣ್ಣಿನ ನಡುವೆ ಹಿಡಿಯುವುದು ತೆರೆಯೋ ಪರದೆಯೋ?

ಪುರೋಹಿತರ ಬಾಯಲ್ಲಿ ಅದು ಅಂತರಪಟ ಅಥವಾ ಅಂತಃಪಟ. ಮುಹೂರ್ತದವರೆಗೆ ಇಬ್ಬರು ಎರಡು ಕಡೆ ಬಟ್ಟೆ ಹಿಡಿದು ನಿಂತಿರುತ್ತಾರೆ. ಈ ಕಡೆಯವರ ತೋಳು ಸೋತು ಬಟ್ಟೆ ಇಳಿದರೆ ಆ ಕಡೆಯ ಸೋದರತ್ತೆ ಗದರಿಸುತ್ತಾರೆ. ಲಗ್ನದ ಗಳಿಗೆಗೆ ಬಟ್ಟೆ ಸರಿಸಿ, ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಇಡುವುದು. ತೆಲುಗು ಮಾತಾಡುವ ಮನೆಗಳಲ್ಲಿ ‘ಅಡ್ಡುತೆರ’ ಅನ್ನುತ್ತಾರೆ. ಇದು ಪರದೆ ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ.

‘ಪಟ’ ಸಂಸ್ಕೃತದಲ್ಲಿ ಬಟ್ಟೆ. ಬಟ್ಟೆಯ ಮೇಲೆ ಚಿತ್ರ ಬರೆಯುತ್ತಿದ್ದುದರಿಂದ ಚಿತ್ರವೇ ಪಟವಾಯಿತು, ಈಗ ಗಾಜು ಹಾಕಿ ಕಟ್ಟಿಸಿದ್ದೂ ‘ದೇವರ ಪಟ’.

ನಾಟಕದವರು ಪರದೆ ಅನ್ನುತ್ತಾರೆ, ಪತ್ರಿಕೆಯವರು ತೆರೆ ಅನ್ನುತ್ತಾರೆ. ಯಾಕೆ?

ತುಮಕೂರು ಜಿಲ್ಲೆಯವರು ಈ ಪ್ರಶ್ನೆ ಕೇಳಿದರೆ ಸ್ವಲ್ಪ ಉದ್ದವಾಗಿಯೇ ಉತ್ತರಿಸಬೇಕಾಗುತ್ತದೆ, ಯಾಕೆಂದರೆ ಪದ ಎರಡಾದದ್ದು ನಮ್ಮ ರಂಗದ ಮೇಲೆಯೇ.

ಹಳೆಯ ಆಟ ಮೂಡಲಪಾಯ, ನಮ್ಮ ಕಡೆಯ ಯಕ್ಷಗಾನ. ಅದರಲ್ಲಿ ಹಿನ್ನೆಲೆಗೆ ಇಳಿಬಿಟ್ಟ ಚಿತ್ರದ ಬಟ್ಟೆ ಬೇಕಿರಲಿಲ್ಲ. ವೇಷ ಬರುವಾಗ ಇಬ್ಬರು ಒಂದು ಬಟ್ಟೆಯನ್ನು ಅಡ್ಡ ಹಿಡಿಯುತ್ತಾರೆ, ಪಾತ್ರಧಾರಿ ಅದರ ಹಿಂದೆ ಗೆಜ್ಜೆ ಕುಟ್ಟುತ್ತಾನೆ, ಮೊದಲು ಕಾಣುವುದು ಕಿರೀಟದ ತುದಿ ಮಾತ್ರ. ಬಟ್ಟೆ ಸರಿದ ಮೇಲೆ ಸಾರಥಿ, ಅಂದರೆ ಪಾತ್ರಗಳನ್ನು ಮಾತಾಡಿಸುವವನು, ‘ತಾವು ಯಾರು, ಯಾವ ಊರಿನವರು’ ಅಂತ ವಿಚಾರಿಸುತ್ತಾನೆ. ಅದು ತೆರೆ. ಗುಡಿಯ ತೆರೆಗೂ ಇದಕ್ಕೂ ಕೆಲಸ ಒಂದೇ.

19ನೆಯ ಶತಮಾನದ ಕೊನೆಯಲ್ಲಿ ಮುಂಬಯಿಯ ಪಾರ್ಸಿ ನಾಟಕ ಕಂಪನಿಗಳ ಮಾದರಿ ಮೈಸೂರು ಸೀಮೆಗೂ ಬಂತು. ಜೊತೆಗೆ ಬಣ್ಣದಲ್ಲಿ ಅರಮನೆ, ಬೀದಿ, ಕಾಡು ಬರೆದ, ಕೋಲಿಗೆ ಸುತ್ತಿ ಹಗ್ಗದಿಂದ ಏರಿಸಿ ಇಳಿಸುವ ದೊಡ್ಡ ಬಟ್ಟೆಗಳೂ ಬಂದವು. ಪಾರ್ಸಿ ಕಂಪನಿಗಳಲ್ಲಿ ಅದರ ಹೆಸರು ಪರ್ದಾ. ನಮ್ಮಲ್ಲೂ ಪರದೆಯೇ ನಿಂತಿತು. ಗುಬ್ಬಿಯಲ್ಲಿ ಚನ್ನಬಸವೇಶ್ವರನ ಹೆಸರಿನ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ. ಹುಡುಗನಾಗಿದ್ದಾಗಲೇ ಅದಕ್ಕೆ ಸೇರಿದ ಗುಬ್ಬಿ ವೀರಣ್ಣನವರು (1891–1972) ಅದನ್ನು ನಾಡೆಲ್ಲ ಮಾತಾಡುವ ಹಾಗೆ ಬೆಳೆಸಿದರು. ಅವರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳೇ ರಂಗದ ಮೇಲೆ ಬರುತ್ತಿದ್ದವು.

ಕಂಪನಿ ನಾಟಕದ ಪರದೆಗಳು ಒಂದರ ಹಿಂದೆ ಒಂದು ಇರುತ್ತವೆ. ಮುಂದಿನದು ಬೀದಿಯ ಪರದೆ. ಹಾಸ್ಯದವರು ಅದರ ಮುಂದೆ ನಗಿಸುತ್ತಿರುವಾಗ ಹಿಂದೆ ದರ್ಬಾರಿನ ಸಿಂಹಾಸನ ಜೋಡಿಸುವ ಕೆಲಸ ನಡೆಯುತ್ತಿರುತ್ತದೆ. ಸಿಂಹಾಸನ ಸರಿಯಾಗಿ ಕೂರುವ ತನಕ ಹಾಸ್ಯ ಎಳೆಯಬೇಕು. ಒಳಗಿನಿಂದ ಸನ್ನೆ ಬಂದ ಮೇಲೆ ಬೀದಿ ಸುತ್ತಿಕೊಂಡು ಮೇಲೇರುತ್ತದೆ. ಇವತ್ತಿಗೂ ಕುಣಿಗಲ್, ತಿಪಟೂರು, ಗುಬ್ಬಿ ಕಡೆಯ ಹಳ್ಳಿಗಳಲ್ಲಿ ಬೆಳಗಾಗುವ ತನಕ ‘ಕುರುಕ್ಷೇತ್ರ’ ಆಡುವಾಗ ಬಾಡಿಗೆಗೆ ತರಿಸುವ ಸೀನರಿಯಲ್ಲಿ ಇದೇ ಪದ್ಧತಿ. ಅಂಕ ಮುಗಿದಾಗ ಬೀಳುವುದು ಅಂಕದ ಪರದೆ. ಬಣ್ಣ ಉದುರಿ ದ್ವಾರಕೆಯ ಗೋಪುರಕ್ಕೆ ಮಳೆನೀರಿನ ಕಲೆ ಹತ್ತಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹಾರ್ಮೋನಿಯಂ ಸರಿ ಇರಬೇಕು.

ಪತ್ರಿಕೆಗಳ ‘ತೆರೆ’ ಬೇರೆ ದಾರಿಯಲ್ಲಿ ಉಳಿಯಿತು. ಶೀರ್ಷಿಕೆಗೆ ಎರಡಕ್ಷರದ ಪದ ಮೂರಕ್ಷರಕ್ಕಿಂತ ಅನುಕೂಲ. ಜೊತೆಗೆ ಸಿನಿಮಾದವರು ಅದನ್ನು ಎತ್ತಿಕೊಂಡರು.

‘ವಿವಾದಕ್ಕೆ ತೆರೆ’ ಅಂದರೆ ಮುಗಿಯಿತು, ‘ಸಿನಿಮಾ ತೆರೆಗೆ’ ಅಂದರೆ ಶುರುವಾಯಿತು. ಇದೇನು ವಿಚಿತ್ರ?

ಎರಡೂ ಬೇರೆ ಬೇರೆ ಬಟ್ಟೆ. ವಿವಾದದ ಮೇಲೆ ಬೀಳುವುದು ನಾಟಕದ ಕೊನೆಯಲ್ಲಿ ಬೀಳುವ ತೆರೆ. ಸಿನಿಮಾ ಬರುವುದು ಟಾಕೀಸಿನ ಬಿಳಿ ತೆರೆಯ ಮೇಲೆ. ಒಂದು ಮರೆಮಾಡುತ್ತದೆ, ಇನ್ನೊಂದು ತೋರಿಸುತ್ತದೆ. ಮೇಲೆ ವಿಭಕ್ತಿಯನ್ನೂ ಗಮನಿಸಿ: ‘ವಿವಾದಕ್ಕೆ ತೆರೆ’, ಆದರೆ ‘ಸಿನಿಮಾ ತೆರೆಗೆ’. ‘ಸಿನಿಮಾಕ್ಕೆ ತೆರೆ’ ಅಂತ ಬರೆದರೆ ನಿರ್ಮಾಪಕರು ಫೋನು ಮಾಡುತ್ತಾರೆ.

ಬಿಳಿ ಬಟ್ಟೆಯನ್ನು ತೋರಿಸುವುದಕ್ಕೆ ಬಳಸುವುದು ಸಿನಿಮಾದವರ ಹೊಸ ಉಪಾಯವೇನಲ್ಲ. ತೊಗಲುಗೊಂಬೆಯವರು ಹಿಂದೆ ದೀಪ ಇಟ್ಟು, ಬಿಳಿ ಬಟ್ಟೆಯ ಮೇಲೆ ರಾಮ ರಾವಣರನ್ನು ಕುಣಿಸುತ್ತಿದ್ದುದೂ ಇದೇ ಲೆಕ್ಕ. ಬೆಳ್ಳಿತೆರೆ, ಕಿರುತೆರೆ ಪದಗಳು ಗಡಿಯ ಆಚೆಯೂ ಇವೆ. ತೆಲುಗಿನಲ್ಲಿ ವೆಂಡಿತೆರ, ಬುಲ್ಲಿತೆರ. ತಮಿಳಿನಲ್ಲಿ ವೆಳ್ಳಿತ್ತಿರೈ, ಚಿನ್ನತ್ತಿರೈ. ಮುಳಬಾಗಿಲಿನವರು ಮೂರೂ ಭಾಷೆಯ ಚಾನೆಲ್ ನೋಡುತ್ತಾರೆ, ಅವರಿಗೆ ಗೊತ್ತು.

ಜವನಿಕೆ, ಯವನಿಕೆ: ಯಾವುದು ಸರಿ? ಗ್ರೀಕರಿಂದ ಬಂತೇ?

ಪರದೆಗೆ ಇರುವ ಈ ಹಳೆಯ ಹೆಸರಿನ ಎರಡೂ ರೂಪಗಳು ಸಂಸ್ಕೃತದಲ್ಲೇ ಇವೆ. ಅಮರಕೋಶ ಕೊಡುವುದು ಜವನಿಕಾ. ಜೊತೆಗೆ ಪ್ರತಿಸೀರಾ, ತಿರಸ್ಕರಿಣೀ. ರಾಜಶೇಖರನ ಪ್ರಾಕೃತ ನಾಟಕ ‘ಕರ್ಪೂರಮಂಜರಿ’ಯಲ್ಲಿ ಅಂಕಗಳಿಗೇ ‘ಜವನಿಕಾಂತರ’ ಅಂತ ಹೆಸರು.

ಯಕಾರ ಜಕಾರವಾಗುವುದು ಪ್ರಾಕೃತದ ಗುಣ. ಯಮ ಜವರಾಯನಾದ, ಯೌವನ ಜವ್ವನವಾಯಿತು, ಯೋಗಿ ಜೋಗಿಯಾದ. ಹಾಗೆಯೇ ಯವನಿಕೆ ಜವನಿಕೆಯಾಯಿತು, ಯವನ ಅಂದರೆ ಗ್ರೀಕ, ಆದ್ದರಿಂದ ನಮ್ಮ ನಾಟಕವೇ ಗ್ರೀಕರಿಂದ ಬಂತು ಅಂತ 19ನೆಯ ಶತಮಾನದ ಕೆಲವು ಯುರೋಪಿಯನ್ ವಿದ್ವಾಂಸರು ಉತ್ಸಾಹದಲ್ಲಿ ವಾದಿಸಿದರು. ಗ್ರೀಕ್ ರಂಗದಲ್ಲಿ ಇಂಥ ಪರದೆಯೇ ಇರಲಿಲ್ಲ ಅನ್ನುವುದು ಅದಕ್ಕೆ ಬಿದ್ದ ದೊಡ್ಡ ಪೆಟ್ಟು. ಪಶ್ಚಿಮದ ನಾಡುಗಳಿಂದ ಬಂದ ಬಟ್ಟೆ, ಅದಕ್ಕೇ ಆ ಹೆಸರು ಅನ್ನುವವರು ಒಂದು ಕಡೆ. ‘ಜವ’ ಅಂದರೆ ವೇಗ, ಸರ್ರನೆ ಸರಿಯುವ ಬಟ್ಟೆ, ಮೂಲವೇ ಜವನಿಕಾ ಅನ್ನುವವರು ಇನ್ನೊಂದು ಕಡೆ. ನನಗೆ ಎರಡನೆಯದು ಹೆಚ್ಚು ಸಹಜವಾಗಿ ಕಾಣುತ್ತದೆ, ಆದರೆ ಈ ವಾದ ಇನ್ನೂ ಮುಗಿದಿಲ್ಲ.

ತಿರಸ್ಕರಿಣಿ ನೋಡಿ ಬೆಚ್ಚಬೇಡಿ. ‘ತಿರಸ್’ ಅಂದರೆ ಅಡ್ಡ, ಮರೆ. ಮರೆಮಾಡುವುದು ತಿರಸ್ಕರಿಣಿ, ಕಣ್ಣಿಗೆ ಬೇಡವೆಂದು ಆಚೆ ಸರಿಸುವುದು ತಿರಸ್ಕಾರ.

ಸೊಳ್ಳೆ ಪರದೆ ಬಲೆ ತಾನೇ, ಅದು ಪರದೆ ಹೇಗಾಯಿತು?

ಇಳಿಬಿಟ್ಟದ್ದರಿಂದ. ಕಿಟಕಿಗೆ ಮೊಳೆ ಹೊಡೆದು ಕೂರಿಸಿದ್ದು ಜಾಲರಿ ಅಥವಾ ಮೆಶ್. ಮಂಚದ ಮೇಲೆ ತೂಗುಬಿಟ್ಟದ್ದು ಪರದೆ. ಒಳಗೆ ಕಾಣುತ್ತದೋ ಇಲ್ಲವೋ ಎನ್ನುವುದು ಮುಖ್ಯವಲ್ಲ, ಒಳಗೆ ಬರದಂತೆ ತಡೆಯಬೇಕು.

ಇದೇ ಅರ್ಥ ಹಿಡಿದು ಪದ ಹೊಲದ ತನಕ ಹೋಗಿದೆ. ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆಹುಳು ಸಾಕುವ ಮನೆಯ ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಇಲ್ಲದಿದ್ದರೆ ಆಗದು. ಕಾರಣ ಊಜಿ ನೊಣ. ಪಶ್ಚಿಮ ಬಂಗಾಳದ ಕಡೆಯಿಂದ ಅದು ಕರ್ನಾಟಕಕ್ಕೆ ಕಾಲಿಟ್ಟದ್ದು 1980ರಲ್ಲಿ. ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ, ನೊಣದ ಮರಿ ರೇಷ್ಮೆಹುಳುವನ್ನು ಒಳಗಿಂದ ತಿನ್ನುತ್ತದೆ, ಗೂಡು ಕಟ್ಟಿದ್ದರೂ ಅದನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ. ಒಳಗೆ ಹೋಗಿ ಬರುವಾಗ ‘ಪರದೆ ಬಿಡು, ನೊಣ ಬರುತ್ತೆ’ ಅಂತ ಅಲ್ಲಿನ ಅಜ್ಜಿಯರು ಕೂಗುವುದು ಸುಮ್ಮನೆ ಅಲ್ಲ. ಕೋಲಾರದಲ್ಲಿ ದಪ್ಪ ಮೆಣಸಿನಕಾಯಿ ಬೆಳೆಯುವವರ ‘ಶೇಡ್‌ನೆಟ್’ ಇಲಾಖೆಯ ಕಾಗದದಲ್ಲಿ ‘ನೆರಳು ಪರದೆ’ ಆಗಿದೆ. ಸರ್ಕಾರಿ ಅನುವಾದಗಳಲ್ಲಿ ಅಪರೂಪಕ್ಕೆ ಸಿಗುವ ಒಳ್ಳೆಯ ಪದ ಇದು. ರೈತರು ಶೇಡ್‌ನೆಟ್ ಅಂತಲೇ ಅನ್ನುತ್ತಾರೆ, ಬಿಡಿ.

ಕಣ್ಣಿಗೆ ಬರುವ ಪೊರೆ, ‘ಪರದಾಡು’, ‘ಪರದೇಶಿ’ ಇವಕ್ಕೆಲ್ಲ ಪರದೆಯೇ ಮೂಲವೇ?

ಯಾವುದಕ್ಕೂ ಅಲ್ಲ. ಪೊರೆ ದ್ರಾವಿಡ ಪದ, ತೆಲುಗಿನಲ್ಲಿ ಪೊರ. ಹಾವು ಕಳಚುವುದೂ ಅದೇ. ಪರದೇಶಿ ಸಂಸ್ಕೃತದ ಪರ ಮತ್ತು ದೇಶ ಸೇರಿ ಆದದ್ದು. ಪರದಾಡು ಎಂಬುದು ಓಲಾಡು, ಹೊರಳಾಡು, ತಡಕಾಡು ಇವುಗಳ ಸಾಲಿನ ಕ್ರಿಯಾಪದ.

‘ಗೋಷಾ’ ಅಂದರೂ ಪರದೆಯೇ?

ಅರ್ಥ ಹತ್ತಿರ, ಪದ ಬೇರೆ. ಪಾರಸಿಯ ‘ಗೋಶಾ’ ಅಂದರೆ ಮೂಲೆ. ಹೆಂಗಸರು ಹೊರಗಿನವರ ಕಣ್ಣಿಗೆ ಬೀಳದೆ ಇರುವ ಪದ್ಧತಿಗೆ ಹಳೆಯ ಮೈಸೂರಿನಲ್ಲಿ ಗೋಷಾ ಅನ್ನುವುದೇ ರೂಢಿ. ಬೆಂಗಳೂರಿನ ಶಿವಾಜಿನಗರದ ಗೋಷಾ ಆಸ್ಪತ್ರೆಯ ಹೆಸರಿನಲ್ಲಿ ಅದು ಉಳಿದಿದೆ.

ನಮ್ಮಮ್ಮ ‘ಸ್ಕ್ರೀನ್’ ಅನ್ನುತ್ತಾರೆ, ಅಂಗಡಿಯವನು ‘ಕರ್ಟನ್’ ಅನ್ನುತ್ತಾನೆ. ಯಾರದು ಸರಿ?

ಇಬ್ಬರದೂ. ಕಿಟಕಿಯ ಅರ್ಧಕ್ಕೆ, ಮೇಲೆ ಕೆಳಗೆ ಸ್ಪ್ರಿಂಗ್ ತಂತಿ ಪೋಣಿಸಿ, ಎರಡು ಮೊಳೆಗೆ ಸಿಕ್ಕಿಸುತ್ತಿದ್ದ ಹೂವಿನ ಬಟ್ಟೆಯೇ ಅಮ್ಮನ ಕಾಲದ ಸ್ಕ್ರೀನು. ನೆಲದ ತನಕ ಇಳಿದು, ರಾಡಿನ ಮೇಲೆ ಉಂಗುರಗಳಲ್ಲಿ ಜಾರುವುದು ಈಗಿನ ಕರ್ಟನ್. ಅಳತೆಗೆ ಹೋಗುವಾಗ ಮಾತ್ರ ಅಂಗಡಿಯವನ ಪದ ಬಳಸಿ. ‘ಸ್ಕ್ರೀನ್’ ಅಂದರೆ ಇವತ್ತಿನ ಹುಡುಗರು ಮೊಬೈಲ್ ಅಂಗಡಿ ತೋರಿಸುತ್ತಾರೆ.

ಪರದೆ ಬಿಟ್ಟು ಎಲ್ಲ ಕಡೆ ತೆರೆ ಅಂತಲೇ ಬರೆಯಬೇಕೇ?

ಬೇಡ. ಅಚ್ಚಗನ್ನಡದ ಆಸೆ ಒಳ್ಳೆಯದೇ, ಆದರೆ ‘ಸೊಳ್ಳೆ ತೆರೆ’ ಅಂತ ಬರೆದವರು ಓದುಗನಿಗೆ ಕಡಲ ತೀರವನ್ನು ನೆನಪಿಸುತ್ತಾರೆ. ತೆರೆಗೆ ಈಗಾಗಲೇ ಅಲೆ, ಸಿನಿಮಾ, ಬಾಗಿಲು ಅಂತ ಮೈತುಂಬ ಕೆಲಸ. ಮನೆಯ ಬಟ್ಟೆಯನ್ನಾದರೂ ಪರದೆಗೆ ಬಿಡೋಣ.

ಪರ್ದೆ, ಪರದಾ, ಪಡದೆ: ಬರೆಯುವಾಗ ಯಾವುದು?

ಬರಹಕ್ಕೆ ಪರದೆ, ಪರದೆಯನ್ನು, ಪರದೆಗೆ, ಪರದೆಗಳು. ಉತ್ತರ ಕರ್ನಾಟಕದ ಮಾತಿನಲ್ಲಿ ಕೇಳುವ ಪಡದೆ ಮರಾಠಿಯ ‘ಪಡದಾ’ದ ಜೊತೆ ಹೋಗುತ್ತದೆ, ತಪ್ಪಲ್ಲ. ತುಮಕೂರಿನ ಕಡೆ ವೇಗವಾಗಿ ಮಾತಾಡುವಾಗ ಪರ್ದೆ ಅಂತಲೇ ಕೇಳಿಸುತ್ತದೆ. ಕಥೆಯ ಸಂಭಾಷಣೆಯಲ್ಲಿ ಹಾಗೇ ಬರೆಯಿರಿ, ಪರೀಕ್ಷೆಯಲ್ಲಿ ಬೇಡ.